ಬದುವಿನಲ್ಲಿ ಉರಿಯುವ ಹಾಳೆಯ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಪ್ಲಾಸ್ಟಿಕ್ ಮುಟ್ಟದ ಬೆಳೆ ಈಗ ಅಪರೂಪ. ಹೊಗೆಸೊಪ್ಪಿನ ಸಸಿ ಮೇಲೇಳುವುದು ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಟ್ರೇಯಲ್ಲಿ. ಶುಂಠಿಗೆ ಸ್ಪ್ರಿಂಕ್ಲರ್ ಪೈಪು, ಟೊಮೆಟೊ, ಮೆಣಸಿನಕಾಯಿ ಸಾಲಿಗೆ ಮಲ್ಚಿಂಗ್ ಹಾಳೆ. ಕೆ.ಆರ್. ನಗರದ ಭತ್ತದ ಬಯಲಿಗೆ ಮೂಟೆಗಟ್ಟಲೆ ಗೊಬ್ಬರದ ಚೀಲ. ಹಂಗಾಮು ಮುಗಿದ ಮೇಲೆ ಕಿತ್ತ ಹಾಳೆ, ಒಡೆದ ಟ್ರೇ ಬದುವಿಗೆ ಬೀಳುತ್ತವೆ. ಎಷ್ಟೋ ಕಡೆ ಅಲ್ಲೇ ಬೆಂಕಿಯೂ ಬೀಳುತ್ತದೆ.

ಹವಾಮಾನದ ಮಾತು ಬಂದಾಗ ರೈತರಿಗೂ ಕಂಪನಿಗಳಿಗೂ ಸಿಗುವ ಸಲಹೆ ಒಂದೇ: ಹೊಸ ಪ್ಲಾಸ್ಟಿಕ್ ಬಿಡಿ, ಮರುಬಳಕೆಯದ್ದು ಕೊಳ್ಳಿ. ಸಲಹೆಯಲ್ಲಿ ಹುರುಳಿದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2022ರಲ್ಲಿ ಪ್ರಕಟಿಸಿದ ವರದಿಯಂತೆ, 2019ರಲ್ಲಿ ಪ್ಲಾಸ್ಟಿಕ್‌ನಿಂದ ಹೊಮ್ಮಿದ ಹಸಿರುಮನೆ ಅನಿಲ 180 ಕೋಟಿ ಟನ್, ಜಗತ್ತಿನ ಒಟ್ಟು ಹೊರಸೂಸುವಿಕೆಯ ಶೇ 3.4. ಇದರಲ್ಲಿ ಸುಮಾರು ಶೇ 90ರಷ್ಟು ಕಚ್ಚಾತೈಲ, ಅನಿಲಗಳಿಂದ ಪ್ಲಾಸ್ಟಿಕ್ ತಯಾರಿಸುವ ಹಂತದ್ದೇ. ಅಮೆರಿಕದ ಮರುಬಳಕೆ ಉದ್ಯಮದ ಸಂಘ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೈಪು, ಕ್ಯಾನುಗಳಿಗೆ ಬಳಸುವ ಎಚ್‌ಡಿಪಿಇಯನ್ನು ಹಳೆಯ ಪ್ಲಾಸ್ಟಿಕ್‌ನಿಂದ ಮಾಡಿದರೆ ಶೇ 71ರಷ್ಟು ಹೊರಸೂಸುವಿಕೆ ತಗ್ಗುತ್ತದೆ. ಒಂದು ಕೆ.ಜಿ. ಪ್ಲಾಸ್ಟಿಕ್‌ಗೆ ಹೊಮ್ಮುವ ಅನಿಲ ಹೊಸದಕ್ಕೆ ಎರಡು ಕೆ.ಜಿ.ಗೆ ಸಮೀಪ, ಹಳತಕ್ಕೆ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು.

ಇದು ಉದ್ಯಮವೇ ಮಾಡಿಸಿದ ಲೆಕ್ಕ ಎಂಬುದು ನೆನಪಿರಲಿ. ಅದೇ ಪ್ಲಾಸ್ಟಿಕ್ ಮೊದಲ ಸಲ ತಯಾರಾದಾಗಿನ ಹೊರೆ ಇದರಲ್ಲಿ ಸೇರಿಲ್ಲ. ನಮ್ಮ ವಿದ್ಯುತ್ತಿಗೆ ಕಲ್ಲಿದ್ದಲಿನ ಪಾಲೂ ಹೆಚ್ಚು: ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್. ತೊಳೆದು, ಕರಗಿಸಿ, ಹರಳು ಮಾಡಲು ಕೆ.ಜಿ.ಗೆ ಒಂದು ಯೂನಿಟ್ ಹಿಡಿದರೂ ಮರುಬಳಕೆಯೇ ಮೇಲು. ಅಂತರ ಮಾತ್ರ ಕಿರಿದಾಗುತ್ತದೆ.

ಬಾಳಿಕೆಯನ್ನೂ ಸೇರಿಸಿ ನೋಡಬೇಕು. ಹೊಸ ಹರಳಿನ ಪೈಪು ಹತ್ತು ವರ್ಷ ಬಾಳಿದರೆ ವರ್ಷಕ್ಕೆ, ಕೆ.ಜಿ. ಪೈಪಿಗೆ, ಬೀಳುವ ಹೊರೆ 200 ಗ್ರಾಂ. ಹಳತು ಬೆರೆಸಿದ ಅಗ್ಗದ ಕರಿ ಪೈಪು ಮೂರೇ ವರ್ಷಕ್ಕೆ ಬಿಸಿಲಿಗೆ ಸೀಳಿದರೆ ಅದರದ್ದೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ರೈತನ ದುಡ್ಡು ಹೋದದ್ದು ಬೇರೆ. ಬಾಳಿಕೆಯ ಖಾತರಿ ಕೊಡದೆ ಮರುಬಳಕೆಯ ಪೈಪನ್ನು ‘ಹಸಿರು’ ಎಂದು ಮಾರುವುದನ್ನು ನಾನು ಒಪ್ಪಲಾರೆ.

ನಿಜವಾದ ಹೊಡೆತ ಬೀಳುವುದು ಬದುವಿನ ಬೆಂಕಿಯಲ್ಲಿ. ಪಾಲಿಥೀನ್‌ನ ತೂಕದಲ್ಲಿ ಶೇ 85ಕ್ಕೂ ಹೆಚ್ಚು ಇಂಗಾಲ. ಒಂದು ಕೆ.ಜಿ. ಪೂರ್ತಿ ಉರಿದರೆ 3.1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ನಾಲ್ಕಡಿ ಅಗಲ, 400 ಮೀಟರ್ ಉದ್ದ, 25 ಮೈಕ್ರಾನ್ ದಪ್ಪದ ಒಂದು ಮಲ್ಚಿಂಗ್ ರೋಲ್ 11 ಕೆ.ಜಿ. ತೂಗುತ್ತದೆ. ಎಕರೆಗೆ ಆರು ರೋಲ್ ಹಾಸಿದರೆ 66 ಕೆ.ಜಿ. ಆಯಿತು. ಹೊಸ ಪ್ಲಾಸ್ಟಿಕ್‌ನಿಂದ ಅದನ್ನು ತಯಾರಿಸುವಾಗ ಹೊಮ್ಮುವುದು ಸುಮಾರು 130 ಕೆ.ಜಿ. ಬೆಳೆ ಮುಗಿದ ಮೇಲೆ ಸುಟ್ಟರೆ ಮತ್ತೆ 200 ಕೆ.ಜಿ. ಅಂಗಡಿಯಲ್ಲಿ ಮರುಬಳಕೆಯ ಹಾಳೆ ಆರಿಸಿ ಉಳಿಸಿದ್ದಕ್ಕಿಂತ ಎರಡು ಪಟ್ಟು ಹೆಚ್ಚನ್ನು ಒಂದು ಸಂಜೆಯ ಬೆಂಕಿ ಕಳೆಯುತ್ತದೆ. ಪಕ್ಕದ ಮನೆಯ ಮಕ್ಕಳು ಕುಡಿಯುವ ಹೊಗೆಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಸುಡುವ ರೈತನನ್ನು ದೂರಿ ಪ್ರಯೋಜನವಿಲ್ಲ. ಗೊಬ್ಬರದ ಚೀಲವನ್ನು ಯಾರೂ ಸುಮ್ಮನೆ ಸುಡುವುದಿಲ್ಲ. ರಾಗಿ ತುಂಬಲು, ಮಳೆಗೆ ಗೊಪ್ಪೆ ಹಾಕಿಕೊಳ್ಳಲು, ಕೊಟ್ಟಿಗೆಗೆ ಮರೆ ಕಟ್ಟಲು ಹರಿಯುವವರೆಗೂ ಬಳಸುತ್ತಾರೆ. ಹೊಸತು, ಹಳತು ಎರಡನ್ನೂ ಮೀರಿಸುವ ಉಳಿತಾಯ ಅದು. ಮಲ್ಚಿಂಗ್ ಹಾಳೆಗೆ ಆ ಭಾಗ್ಯವಿಲ್ಲ. ಕಿತ್ತಾಗ ಹಾಳೆಗಿಂತ ಅಂಟಿದ ಮಣ್ಣೇ ಹೆಚ್ಚು ತೂಗುತ್ತದೆ. ಅಂಥದ್ದನ್ನು ಗುಜರಿಯವರು ಏಕೆ ಮುಟ್ಟುತ್ತಾರೆ?

ಮರುಬಳಕೆಗೆ ಸಾಗಿಸುವ ದಾರಿ ದೂರ ಎಂಬ ನೆಪವೂ ನಿಲ್ಲುವುದಿಲ್ಲ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಅರ್ಧ ಟನ್ ಪ್ಲಾಸ್ಟಿಕ್ ಹೊತ್ತ ಸಣ್ಣ ಗಾಡಿ ಹೋಗಿ ಬರಲು ಆರು ಲೀಟರ್ ಡೀಸೆಲ್ ಕುಡಿದರೆ 16 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅದೇ ಅರ್ಧ ಟನ್ ಮರುಬಳಕೆಯಾದರೆ, ನಮ್ಮ ಕಲ್ಲಿದ್ದಲ ವಿದ್ಯುತ್ತಿಗೆ ಧಾರಾಳವಾಗಿ ಕಳೆದರೂ, ಉಳಿಯುವುದು ಕೆಲವು ನೂರು ಕೆ.ಜಿ. ಕಷ್ಟ ಇರುವುದು ಒಟ್ಟುಗೂಡಿಸಿ, ಮಣ್ಣು ಕೊಡವಿ, ಒತ್ತಿ ಕಟ್ಟುವ ಖರ್ಚಿನಲ್ಲಿ.

ಆ ಖರ್ಚು ಯಾರದ್ದು? ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ತಂದ ಉತ್ಪಾದಕರ ಹೊಣೆಗಾರಿಕೆ ನಿಯಮ ಪ್ಯಾಕಿಂಗ್ ಪ್ಲಾಸ್ಟಿಕ್‌ಗೆ ಅನ್ವಯಿಸುತ್ತದೆ. ಗಡಸು ಪ್ಯಾಕಿಂಗ್‌ನಲ್ಲಿ 2025–26ಕ್ಕೆ ಶೇ 30, 2028–29ಕ್ಕೆ ಶೇ 60ರಷ್ಟು ಮರುಬಳಕೆಯ ಅಂಶ ಇರಬೇಕೆಂಬ ಗುರಿಯೂ ಅದರಲ್ಲಿದೆ. ಗೊಬ್ಬರದ ಚೀಲ, ಔಷಧಿ ಬಾಟಲಿ ಆ ನಿಯಮದ ಒಳಗೆ ಬರುತ್ತವೆ. ಮಲ್ಚಿಂಗ್ ಹಾಳೆ, ಪೈಪು, ಸಸಿ ಟ್ರೇ ಹೊರಗೇ ಉಳಿದವು. ಹಾಳೆ ಹಾಸಲು ತೋಟಗಾರಿಕೆ ಯೋಜನೆಯಲ್ಲಿ ಸಹಾಯಧನವಿದೆ. ಕಿತ್ತ ಹಾಳೆ ಎಲ್ಲಿ ಹೋಯಿತೆಂದು ಕೇಳುವವರಿಲ್ಲ.

ಸಹಾಯಧನದ ಒಂದು ಪಾಲನ್ನು ತಡೆಹಿಡಿದು, ಹಳೆಯ ಹಾಳೆ ಗ್ರಾಮ ಪಂಚಾಯಿತಿಯ ಕಸ ವಿಂಗಡಣೆ ಘಟಕವಾದ ಸ್ವಚ್ಛ ಸಂಕೀರ್ಣಕ್ಕೆ ಬಂದು ತೂಕವಾದ ದಿನ ಕೊಡಬಹುದು. ಅಲ್ಲಿ ದುಡಿಯುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕೆ.ಜಿ. ಲೆಕ್ಕದ ಕೂಲಿಯೂ ಅದರಿಂದಲೇ ಬರಲಿ. ಹೊಗೆಸೊಪ್ಪಿನ ಟ್ರೇಗಳಿಗಂತೂ ಹೊಸ ವ್ಯವಸ್ಥೆಯೇ ಬೇಡ. ನೋಂದಾಯಿತ ಬೆಳೆಗಾರರೆಲ್ಲ ಬೇಲ್ ಹೊತ್ತು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಿಗೆ ಬಂದೇ ಬರುತ್ತಾರೆ. ಅದೇ ಗಾಡಿಯಲ್ಲಿ ಹಳೆಯ ಟ್ರೇಗಳೂ ಬರಲಿ. ತಂಬಾಕು ಮಂಡಳಿ ಗೇಟಿನ ಬಳಿ ತೂಕದ ಯಂತ್ರವಿಟ್ಟು, ಮುಂದಿನ ಸಾಲಿನ ಟ್ರೇ ಬೆಲೆಯಲ್ಲಿ ಆ ತೂಕಕ್ಕೆ ರಿಯಾಯಿತಿ ಕೊಡಲಿ.