ಗೋದಾವರಿಯ ನಿಯಮ ಕೃಷ್ಣೆ, ಭೀಮೆಗೂ ಬೇಕು



ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯಲ್ಲಿ ಗೋದಾವರಿ ಹುಟ್ಟುತ್ತದೆ. ಅಲ್ಲಿ ಗಂಗಾಪುರ, ದಾರಣಾ ಅಣೆಕಟ್ಟೆಗಳಿವೆ. ಕೆಳಗೆ ಪೈಠಣದ ಜಾಯಕವಾಡಿ ಜಲಾಶಯವನ್ನು ಛತ್ರಪತಿ ಸಂಭಾಜಿನಗರದ ಜನ ಕುಡಿಯುವ ನೀರಿಗೆ ನಂಬಿದ್ದಾರೆ. ಮೇಲಿನವರು ತುಂಬಿಸಿಕೊಂಡರೆ ಕೆಳಗಿನವರ ಗತಿಯೇನು ಎಂಬ ಜಗಳ ಹಳೆಯದು. ಅದಕ್ಕೊಂದು ನಿಯಮ ಬಂದದ್ದು 2014ರಲ್ಲಿ. ಅಕ್ಟೋಬರ್ 15ಕ್ಕೆ ಜಾಯಕವಾಡಿಯ ಉಪಯುಕ್ತ ಸಂಗ್ರಹ ಶೇ 65ಕ್ಕಿಂತ ಕಡಿಮೆಯಿದ್ದರೆ ಮೇಲಿನ ಜಲಾಶಯಗಳಿಂದ ನೀರು ಬಿಡಬೇಕು ಎಂದು ಆ ರಾಜ್ಯದ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ಆದೇಶಿಸಿತು. 2023ರ ಬರದಲ್ಲಿ ನಾಶಿಕ್, ಅಹ್ಮದ್‌ನಗರ ಭಾಗದಿಂದ ವಿರೋಧ ಬಂದರೂ ನೀರು ಕೆಳಗೆ ಹರಿಯಿತು.

ಕರ್ನಾಟಕದ ಕೃಷ್ಣಾ, ಭೀಮಾ ತೀರದ ನಮ್ಮಲ್ಲಿ ಹಾಗಿಲ್ಲ. ಬೇಸಿಗೆಯಲ್ಲಿ ಭೀಮಾ ತೀರದ ಬ್ಯಾರೇಜುಗಳ ಬುಡದಲ್ಲಿ ಹಸಿರುಗಟ್ಟಿದ ಮಡು ಮಾತ್ರ ಉಳಿಯುತ್ತದೆ. ನದಿಯಿಂದ ನೀರೆತ್ತುವ ಜಾಕ್‌ವೆಲ್‌ನ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ. ಆಮೇಲೆ ನಮ್ಮ ಸರ್ಕಾರ ಮಹಾರಾಷ್ಟ್ರದ ಕೊಯ್ನಾ, ಉಜ್ಜನಿ ಜಲಾಶಯಗಳಿಂದ ನೀರು ಬಿಡಿ ಎಂದು ಮುಂಬೈಗೆ ಪತ್ರ ಬರೆಯುತ್ತದೆ. ಪತ್ರ ಹೋಗಿ ಉತ್ತರ ಬರುವವರೆಗೆ ಹೆಣ್ಣುಮಕ್ಕಳು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲಬೇಕು.

ಒಂದೇ ರಾಜ್ಯದ ಜಿಲ್ಲೆಗಳಿಗೆ ಸಾಧ್ಯವಾದದ್ದು ಎರಡು ರಾಜ್ಯಗಳಿಗೆ ಕಷ್ಟವಿರಬಹುದು, ಆದರೆ ಅಸಾಧ್ಯವಲ್ಲ. ಮಳೆಗಾಲದಲ್ಲಿ ನಮ್ಮ ಆಲಮಟ್ಟಿ ಅಣೆಕಟ್ಟೆಯ ಹೊರಹರಿವಿನ ಬಗ್ಗೆ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರದವರಿಗೂ ಆತಂಕವಿದೆ. ಅವರಿಗೆ ಪ್ರವಾಹದಲ್ಲಿ ನಮ್ಮ ಸಹಕಾರ ಬೇಕು, ನಮಗೆ ಬೇಸಿಗೆಯಲ್ಲಿ ಅವರದು. ಎರಡನ್ನೂ ಒಂದೇ ಲಿಖಿತ ಒಪ್ಪಂದದಲ್ಲಿ ಸೇರಿಸಿ, ಎಷ್ಟು ಮಟ್ಟಕ್ಕೆ ಎಷ್ಟು ನೀರು, ಯಾವ ದಿನಾಂಕಕ್ಕೆ ಎಂಬುದನ್ನು ಮೊದಲೇ ಗೊತ್ತುಮಾಡಬೇಕು. ಉಭಯ ಮುಖ್ಯಮಂತ್ರಿಗಳು ಮುಂದಿನ ಬೇಸಿಗೆಗೆ ಮೊದಲೇ ಕೂತು ಮಾತಾಡಲಿ.

—ಓದುಗ, ಅಫಜಲಪುರ