ಮಗನಿಗೊಂದು ಹಾಡು

1968ರ ಜೂನ್ ತಿಂಗಳು. ಪಾಲ್ ಮೆಕಾರ್ಟ್ನಿ ಒಬ್ಬನೇ ಕಾರು ಓಡಿಸಿಕೊಂಡು ಲಂಡನ್ನಿನಿಂದ ವೇಬ್ರಿಜ್ ಕಡೆಗೆ ಹೊರಟಿದ್ದ. ಸುಮಾರು ಒಂದು ಗಂಟೆಯ ದಾರಿ. ಬೀಟಲ್ಸ್ ತಂಡದಲ್ಲಿ ಆತನ ಜೊತೆಗಾರನಾದ ಜಾನ್ ಲೆನನ್‌ನ ಮನೆ ಇದ್ದದ್ದು ಅಲ್ಲಿ. ಆದರೆ ಆ ಮನೆಯಲ್ಲಿ ಜಾನ್ ಇರಲಿಲ್ಲ. ಜಪಾನಿನ ಕಲಾವಿದೆ ಯೋಕೋ ಓನೋಳೊಂದಿಗೆ ಬಾಳುವುದೆಂದು ತೀರ್ಮಾನಿಸಿ, ಹೆಂಡತಿ ಸಿಂಥಿಯಾಳನ್ನೂ ಐದು ವರ್ಷದ ಮಗ ಜೂಲಿಯನ್‌ನನ್ನೂ ಬಿಟ್ಟು ಹೋಗಿದ್ದ. ಅದೇ ವರ್ಷದ ಆರಂಭದಲ್ಲಿ ನಾಲ್ವರೂ ನಮ್ಮ ಹೃಷೀಕೇಶಕ್ಕೆ ಬಂದು ಧ್ಯಾನ ಕಲಿತು ಹೋದವರು. ಧ್ಯಾನದಿಂದ ಸಂಸಾರವೇನೂ ಉಳಿಯಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಂಗ್ಲೆಂಡಿನಲ್ಲಿ ಇದೆಯೋ ಇಲ್ಲವೋ, ಮೆಕಾರ್ಟ್ನಿಗೆ ಹೊಳೆದದ್ದು ಮಾತ್ರ ಅದೇ. ಹುಡುಗ ಆತನಿಗೆ ಎತ್ತಿ ಆಡಿಸಿದ ಮಗು. ಸ್ಟಿಯರಿಂಗ್ ಹಿಡಿದುಕೊಂಡೇ ಆ ಮಗುವನ್ನು ಸಮಾಧಾನಪಡಿಸುವ ಒಂದೆರಡು ಸಾಲು ಗುನುಗತೊಡಗಿದ. ಮೊದಲಿಗೆ ಆ ಹಾಡಿನಲ್ಲಿದ್ದದ್ದು ‘ಜೂಲ್ಸ್’, ಅಂದರೆ ಜೂಲಿಯನ್‌ನ ಮುದ್ದಿನ ಹೆಸರು. ವೇಬ್ರಿಜ್ ತಲುಪಿದಾಗ ಕೈಯಲ್ಲಿ ಒಂದು ಕೆಂಪು ಗುಲಾಬಿ ಇತ್ತೆಂದು ಸಿಂಥಿಯಾ ಆಮೇಲೆ ನೆನಪಿಸಿಕೊಂಡಿದ್ದಾಳೆ. ಜಾನ್‌ಗೆ ಏನನ್ನಿಸುವುದೋ ಎಂಬ ಅಳುಕಿನಿಂದ ಉಳಿದವರೆಲ್ಲ ಆ ಮನೆಯ ಕಡೆ ತಲೆ ಹಾಕದಿದ್ದ ದಿನಗಳವು.

ನಮ್ಮಲ್ಲಿ ಜೋಗುಳ ಹಾಡುವ ಅಜ್ಜಿಯರು ಹಳೆಯ ಹಾಡಿನಲ್ಲಿ ರಾಮನೋ ಕೃಷ್ಣನೋ ಬರುವ ಜಾಗದಲ್ಲಿ ತೊಟ್ಟಿಲ ಮಗುವಿನ ಹೆಸರನ್ನು ತೂರಿಸಿಬಿಡುತ್ತಾರೆ. ಅಂದಿನಿಂದ ಆ ಹಾಡು ಆ ಮಗುವಿನದೇ ಸ್ವತ್ತು. ಈಗಂತೂ ದುಡ್ಡು ಕೊಟ್ಟರೆ ಮಗನ ಹೆಸರು ಸೇರಿಸಿ ಹುಟ್ಟುಹಬ್ಬಕ್ಕೆ ಹಾಡು ಕಟ್ಟಿಕೊಡುವವರಿದ್ದಾರೆ. ಕಂಪ್ಯೂಟರು ಕೆಲವೇ ನಿಮಿಷಗಳಲ್ಲಿ ಆ ಕೆಲಸ ಮುಗಿಸುತ್ತದೆ. ಮೆಕಾರ್ಟ್ನಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹಾಡಲು ಸಲೀಸಾಗಲೆಂದು ‘ಜೂಲ್ಸ್’ ಅನ್ನು ‘ಜೂಡ್’ ಮಾಡಿ, ಹುಡುಗನ ಹೆಸರನ್ನೇ ತೆಗೆದುಹಾಕಿದ. ಅಪ್ಪ ಅಮ್ಮ ಬೇರೆಯಾದ ಸಂಗತಿಯ ಸುಳಿವೂ ಹಾಡಿನಲ್ಲಿಲ್ಲ. ಮನಸ್ಸು ಸಣ್ಣದು ಮಾಡಿಕೊಳ್ಳಬೇಡ ಎಂದು ಬೆನ್ನು ತಟ್ಟುವ ದನಿಯೊಂದಿದೆ, ಅಷ್ಟೇ. ಕೇಳಿದವರೆಲ್ಲ ಅದು ತಮಗೇ ಹೇಳಿದ್ದೆಂದುಕೊಂಡರು. ಸ್ವತಃ ಜಾನ್ ಲೆನನ್ ಕೂಡ ಅದು ತನ್ನನ್ನೇ ಕುರಿತದ್ದೆಂದು ಭಾವಿಸಿದ್ದ! ಹುಡುಗ ಬಡವಾದದ್ದು ಯಾರಿಂದ ಎಂಬುದು ಅವನಿಗೆ ಹೊಳೆಯಿತೋ ಇಲ್ಲವೋ.

‘ಹೇ ಜೂಡ್’ ಮುದ್ರಣವಾದದ್ದು ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ, ಜುಲೈ ಕೊನೆ ಮತ್ತು ಆಗಸ್ಟ್ ಮೊದಲಲ್ಲಿ. ಪಿಟೀಲು, ತುತ್ತೂರಿಗಳೆಲ್ಲ ಸೇರಿ 36 ಮಂದಿಯ ವಾದ್ಯಗೋಷ್ಠಿ. ಕೊನೆಯ ಭಾಗಕ್ಕೆ ವಾದ್ಯ ಬದಿಗಿಟ್ಟು ಚಪ್ಪಾಳೆ ತಟ್ಟಿ, ದನಿಗೂಡಿಸಿ ಎಂದು ಅವರನ್ನು ಕೇಳಿದಾಗ ಒಬ್ಬಾತ ಮಾತ್ರ ಅದು ತನ್ನ ಘನತೆಗೆ ಕಡಿಮೆಯೆಂದು ಎದ್ದು ಹೋದನಂತೆ. ಮೂರು ನಿಮಿಷದ ಹಾಡುಗಳ ಕಾಲದಲ್ಲಿ ಇದು 7 ನಿಮಿಷ 11 ಸೆಕೆಂಡು. ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಹಾಗಾದರೆ ಹೆತ್ತ ತಂದೆ ಮಗನಿಗೆ ಏನೂ ಬರೆಯಲಿಲ್ಲವೇ? ಬರೆದ. ಅದೇ ವರ್ಷ. ಜೂಲಿಯನ್‌ಗಾಗಿಯೇ ‘ಗುಡ್ ನೈಟ್’ ಎಂಬ ಲಾಲಿ ಹಾಡು ಕಟ್ಟಿದ. ಆದರೆ ತಾನು ಹಾಡಲಿಲ್ಲ. ತಂಡದ ಡ್ರಮ್ಸ್ ವಾದಕ ರಿಂಗೋ ಸ್ಟಾರ್‌ನಿಂದ ಹಾಡಿಸಿ, ಹಿನ್ನೆಲೆಗೆ ದೊಡ್ಡ ವಾದ್ಯಗೋಷ್ಠಿ ಇರಿಸಿ, ಜನ ‘ವೈಟ್ ಆಲ್ಬಂ’ ಎನ್ನುವ ಜೋಡಿ ಎಲ್.ಪಿ.ಯ ಕಟ್ಟಕಡೆಗೆ ಸೇರಿಸಿದ. 1968ರ ನವೆಂಬರ್‌ನಲ್ಲಿ ಅದು ಅಂಗಡಿಗೆ ಬರುವ ಹೊತ್ತಿಗೆ ವಿಚ್ಛೇದನವೂ ಮುಗಿದಿತ್ತು. ಮಗುವನ್ನು ಮಲಗಿಸುವ ಹಾಡನ್ನು ಲಕ್ಷಾಂತರ ಜನ ಕೊಂಡರು. ಹಾಡು ಕಟ್ಟಿದ ಅಪ್ಪ ಆ ಮಗುವಿನ ಹಾಸಿಗೆಯ ಪಕ್ಕದಲ್ಲಿರಲಿಲ್ಲ. ಆ ವಯಸ್ಸಿನಲ್ಲಿ ಅಪ್ಪನೊಂದಿಗೆ ಇರುವ ಫೋಟೋಗಳಿಗಿಂತ ಪಾಲ್ ಜೊತೆ ಆಡುತ್ತಿರುವ ಫೋಟೋಗಳೇ ತನ್ನವು ಹೆಚ್ಚಿವೆ ಎಂದು ಜೂಲಿಯನ್ ದೊಡ್ಡವನಾದ ಮೇಲೆ ಹೇಳಿದ್ದುಂಟು.

ಜಾನ್‌ನನ್ನು ಕಲ್ಲೆದೆಯವನೆಂದು ತಳ್ಳಿಹಾಕುವುದೂ ಸರಿಯಲ್ಲ. 1974ರ ಆತನ ಆಲ್ಬಮ್ಮಿನ ಕೊನೆಯಲ್ಲಿ ಒಂದು ಪುಟ್ಟ ತುಣುಕಿದೆ: ಅಪ್ಪ ಪಿಯಾನೋ ನುಡಿಸಿ ಹಾಡುತ್ತಾನೆ, ಹನ್ನೊಂದರ ಜೂಲಿಯನ್ ಡ್ರಮ್ಸ್ ಬಾರಿಸುತ್ತಾನೆ. ಒಟ್ಟಿಗೆ ಕೂತು ಆಡಿದಂತಿರುವ ಆ ತುಣುಕು ಸಂಗೀತವಾಗಿ ಏನೇನೂ ಅಲ್ಲ. ಮಗನ ಪಾಲಿಗೆ ‘ಗುಡ್ ನೈಟ್’ಗಿಂತ ಅದೇ ದೊಡ್ಡ ಉಡುಗೊರೆಯಾಗಿದ್ದಿರಬೇಕು.

ಎರಡನೆಯ ಮಗ ಶಾನ್ ಹುಟ್ಟಿದ್ದು 1975ರ ಅಕ್ಟೋಬರ್ 9ರಂದು, ಅಪ್ಪನ ಹುಟ್ಟಿದ ದಿನವೇ. ಈ ಸಲ ಲೆನನ್ ಬೇರೆಯೇ ಮನುಷ್ಯ. ನ್ಯೂಯಾರ್ಕಿನ ಮನೆಯಲ್ಲಿ ಐದು ವರ್ಷ ಹಾಡು, ಸ್ಟುಡಿಯೋ ಎಲ್ಲ ಬಿಟ್ಟು ಬ್ರೆಡ್ ಸುಟ್ಟ, ಮಗನಿಗೆ ಉಣಿಸಿದ, ಮಲಗಿಸಿದ. ಹೊರಗಿನ ವ್ಯವಹಾರವನ್ನು ಯೋಕೋ ನೋಡಿಕೊಂಡಳು. ಆಮೇಲೆ ಬರೆದದ್ದು ‘ಬ್ಯೂಟಿಫುಲ್ ಬಾಯ್’. ರಾತ್ರಿ ಹೆದರಿ ಎದ್ದ ಮಗುವನ್ನು ಸಂತೈಸುವ ಅಪ್ಪನ ಹಾಡು ಅದು. ಇದನ್ನು ತಾನೇ ಹಾಡಿದ. ಕೊನೆಗೆ ಮಗನ ಹೆಸರು ಹಿಡಿದು ಪಿಸುದನಿಯಲ್ಲಿ ಮಲಗಲು ಹೇಳುತ್ತಾನೆ. ಶಾನ್‌ಗೆ ಹಾಡು ಸಿಗುವ ಮೊದಲೇ ಐದು ವರ್ಷದ ಅಪ್ಪ ಸಿಕ್ಕಿದ್ದ.

ಆ ಹಾಡಿದ್ದ ‘ಡಬಲ್ ಫ್ಯಾಂಟಸಿ’ 1980ರ ನವೆಂಬರ್ 17ರಂದು ಹೊರಬಂತು. ಮೂರು ವಾರ ಕಳೆದು, ಡಿಸೆಂಬರ್ 8ರ ರಾತ್ರಿ, ಮನೆಯ ಬಾಗಿಲಲ್ಲೇ ಲೆನನ್ ಗುಂಡೇಟಿಗೆ ಬಲಿಯಾದ. ಆಗ ಶಾನ್‌ಗೆ ಐದು ವರ್ಷ. ಅಪ್ಪ ಮನೆ ಬಿಟ್ಟು ಹೋದಾಗ ಜೂಲಿಯನ್‌ಗೂ ಐದೇ.

1982ರಲ್ಲಿ ಬಿ.ಬಿ.ಸಿ. ರೇಡಿಯೋದ ಒಂದು ಕಾರ್ಯಕ್ರಮಕ್ಕೆ ಮೆಕಾರ್ಟ್ನಿಯನ್ನು ಕರೆದಿದ್ದರು. ನಿರ್ಜನ ದ್ವೀಪಕ್ಕೆ ಹೋಗುವುದಾದರೆ ಯಾವ ಹಾಡುಗಳನ್ನು ಒಯ್ಯುತ್ತೀರಿ ಎಂದು ಅತಿಥಿಗಳನ್ನು ಕೇಳುವ ಕಾರ್ಯಕ್ರಮ ಅದು. ಎಲ್ಲಕ್ಕಿಂತ ಅಚ್ಚುಮೆಚ್ಚಿನದೆಂದು ಆತ ಆರಿಸಿದ್ದು ‘ಬ್ಯೂಟಿಫುಲ್ ಬಾಯ್’. ಗೆಳೆಯನ ಮೊದಲ ಮಗನಿಗೆ ಹಾಡು ಕಟ್ಟಿದವನು, ಗೆಳೆಯ ತನ್ನ ಎರಡನೆಯ ಮಗನಿಗೆ ಕಟ್ಟಿದ ಹಾಡನ್ನು ಎತ್ತಿಕೊಂಡಿದ್ದ.

ಇತ್ತ ಜೂಲಿಯನ್ ತಾನೂ ಹಾಡುಗಾರನಾಗಿ ಬೆಳೆದ. ‘ಹೇ ಜೂಡ್’ ಮುದ್ರಣವಾದಾಗಿನ ಟಿಪ್ಪಣಿಯ ಹಾಳೆಗಳು 1996ರಲ್ಲಿ ಹರಾಜಿಗೆ ಬಂದಾಗ 25,000 ಪೌಂಡ್ ಕೊಟ್ಟು ಕೊಂಡ. ತನ್ನದೇ ಹಾಡಿನ ಕಾಗದಕ್ಕೆ ತಾನೇ ಬೆಲೆ ತೆತ್ತ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, 2022ರಲ್ಲಿ, ಹೊಸ ಆಲ್ಬಂ ಒಂದನ್ನು ಹೊರತಂದ. ಅದಕ್ಕೆ ಇಟ್ಟ ಹೆಸರು ‘ಜೂಡ್’.