ಲಕ್ವದ ಪಾಠ ಹೇಳಿದ ಬಾನುಲಿ

ನಾಟಕದ ಊರಾದ ಮರಿಯಮ್ಮನಹಳ್ಳಿಯಲ್ಲಿ ಕಿವಿಗೆ ಬೀಳುವ ಮಾತಿಗೆ ಮೊದಲಿನಿಂದಲೂ ಬೆಲೆಯಿದೆ. ನಿವೃತ್ತನಾಗಿ ಇಲ್ಲಿ ನೆಲೆಸಿರುವ ನಾನು ಸುದ್ದಿಗಿಂತ, ಚಿತ್ರಗೀತೆಗಿಂತ ಹೆಚ್ಚಾಗಿ ಕಾದು ಕೇಳುವುದು ಮಿದುಳು, ದೇಹ, ಪ್ರಾಣಿಗಳನ್ನು ಕುರಿತ ರೇಡಿಯೊ ಕಾರ್ಯಕ್ರಮಗಳನ್ನು.

ಈ ಗೀಳು ಹತ್ತಿದ್ದು 1991ರಲ್ಲಿ. ಆಗ ಆಕಾಶವಾಣಿಯು ಮಾನವನ ವಿಕಾಸವನ್ನು ಕುರಿತು 144 ಕಂತುಗಳ ಸರಣಿಯನ್ನು ಕನ್ನಡವೂ ಸೇರಿದಂತೆ 18 ಭಾಷೆಗಳಲ್ಲಿ ಆರಂಭಿಸಿತ್ತು. ನಮ್ಮ ಪೂರ್ವಿಕರು ಮೊದಲು ಎರಡು ಕಾಲಿನ ಮೇಲೆ ನಡೆದರು, ಮಿದುಳು ಹಿಗ್ಗಿದ್ದು ಬಹುಕಾಲದ ನಂತರ ಎಂಬ ಸಂಗತಿ, ಕಡತಗಳಲ್ಲಿ ಮುಳುಗಿದ್ದ ಅರ್ಥಶಾಸ್ತ್ರದ ಪದವೀಧರನಿಗೆ ಬೆರಗು ಹುಟ್ಟಿಸಿತು. (1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರೂ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ.) ಇನ್ನು ದರೋಜಿಯ ಕರಡಿಗಳು ನಮ್ಮ ನೆರೆಹೊರೆಯವು. ಅವುಗಳ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಹೀರುತ್ತವೆ, ಧೂಳು ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತವೆ. ಇದನ್ನು ಕೇಳಿದ ಮೇಲೆ ಹುತ್ತವನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು.

ಆದರೆ ಎಲ್ಲವೂ ಬೆರಗಿನಲ್ಲೇ ಮುಗಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನಿಗೆ ಬೆಳಗಿನ ಹೊತ್ತು ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ಲಕ್ವ ಹೊಡೆದಿದೆ ಎಂದು ಎಲ್ಲರೂ ಸೇರಿ ನಾಟಿ ಎಣ್ಣೆ ತಿಕ್ಕಿಸಲು ಕರೆದೊಯ್ದೆವು. ಆಸ್ಪತ್ರೆ ಮುಟ್ಟಿದ್ದು ಮರುದಿನ. ಎಂ.ಎ. ಓದಿ, ಮೂರು ದಶಕ ಸರ್ಕಾರಿ ಸೇವೆ ಮಾಡಿದ ನಾನೂ ಆ ಗುಂಪಿನಲ್ಲಿದ್ದೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವವಾಗಿದ್ದರೆ, ಅದನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂದು ನಾನು ರೇಡಿಯೊದಲ್ಲಿ ಕೇಳಿದ್ದು ಅನಂತರ. ಅಣ್ಣನ ಬಲಗೈ ಇಂದಿಗೂ ಏಳುವುದಿಲ್ಲ.

ಕೇಳುಗರ ಸಂಖ್ಯೆ ಕಡಿಮೆ, ಜಾಹೀರಾತು ಬರುವುದಿಲ್ಲ ಎಂಬ ಲೆಕ್ಕದಿಂದ ಇಂಥ ಕಾರ್ಯಕ್ರಮಗಳನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬ ಕೇಳುಗ ಹೆಚ್ಚಾದರೆ ಪ್ರಸಾರದ ಖರ್ಚು ಒಂದು ಪೈಸೆಯೂ ಏರುವುದಿಲ್ಲ. ಕೇಳಿದವನು ಮನೆಮಂದಿಗೆಲ್ಲ ಹೇಳುತ್ತಾನೆ. ಅರ್ಥಶಾಸ್ತ್ರ ಇದನ್ನೇ ಸಾರ್ವಜನಿಕ ಸರಕು ಎನ್ನುತ್ತದೆ. ಮಾರುಕಟ್ಟೆ ಇದನ್ನು ತಾನಾಗಿ ಒದಗಿಸುವುದಿಲ್ಲ. ಆದ್ದರಿಂದ ನಮ್ಮ ಹೊಸಪೇಟೆ ಆಕಾಶವಾಣಿಯಲ್ಲಿ ಈ ಭಾಗದ ವೈದ್ಯರೇ ಈ ಸೀಮೆಯ ಮಾತಿನಲ್ಲಿ ಲಕ್ವದ ಲಕ್ಷಣಗಳನ್ನು ವಿವರಿಸಲಿ. ಪಾರಿಭಾಷಿಕ ಪದಗಳ ಭಾರ ಬೇಡ. ಪ್ರಸಾರವು ಬೆಳಿಗ್ಗೆ, ಜನ ಹೊಲಕ್ಕೆ ಹೊರಡುವ ಮುನ್ನ ಆಗಲಿ.